ಸ್ಪೀಕರ್ ಮುಂದಿನ ಮೇಜಿನಲ್ಲಿ ಕೂತವರು

(ಕಲಬುರಗಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದದ್ದನ್ನು ಅಲ್ಲಲ್ಲಿ ಬೆಳೆಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

2014ರಲ್ಲಿ ನಮ್ಮ ಊರಿನ ಸಂಸದರು ಮಲ್ಲಿಕಾರ್ಜುನ ಖರ್ಗೆ. ಲೋಕಸಭೆಯಲ್ಲಿ ಕಾಂಗ್ರೆಸ್ ಗುಂಪಿನ ನಾಯಕರೂ ಅವರೇ. ವಿರೋಧ ಪಕ್ಷಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕಾಂಗ್ರೆಸ್ಸೇ. ಆದರೂ ಅವರಿಗೆ ವಿರೋಧ ಪಕ್ಷದ ನಾಯಕ ಎಂಬ ಸ್ಥಾನ ಸಿಗಲಿಲ್ಲ. ಕಾಂಗ್ರೆಸ್ಸಿಗೆ ಬಂದಿದ್ದು 44 ಸೀಟು. ಬೇಕಾಗಿದ್ದದ್ದು 55. ಆಗ ನಮ್ಮ ಕಡೆ ಎಲ್ಲಾ ಕಟ್ಟೆಗಳ ಮೇಲೂ ಇದೇ ಮಾತು. ಅನ್ಯಾಯ ಅಂದವರು ಕೆಲವರು, ಸರಿ ಆಯ್ತು ಬಿಡ್ರಿ ಅಂದವರು ಕೆಲವರು. ಆ 55 ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ.

ಅದು ಸಂವಿಧಾನದಲ್ಲಿಲ್ಲ. ವಿರೋಧ ಪಕ್ಷದ ನಾಯಕರ ಸಂಬಳ ಭತ್ಯೆಗೆಂದು 1977ರಲ್ಲಿ ಒಂದು ಕಾಯ್ದೆ ಬಂತು. ಅದರಲ್ಲೂ ಈ ಸಂಖ್ಯೆ ಇಲ್ಲ. ವಿರೋಧ ಪಕ್ಷಗಳಲ್ಲಿ ಹೆಚ್ಚು ಸದಸ್ಯರಿರುವ ಪಕ್ಷದ ನಾಯಕ, ಸ್ಪೀಕರ್ ಹಾಗೆಂದು ಮಾನ್ಯ ಮಾಡಿದವರು, ಎಂದಷ್ಟೇ ಇದೆ. ಸದನದ ಒಟ್ಟು ಸಂಖ್ಯೆಯ ಹತ್ತರಲ್ಲಿ ಒಂದು ಪಾಲು ಎಂಬ ಲೆಕ್ಕ ಮೊದಲ ಸ್ಪೀಕರ್ ಮಾವಳಂಕರ್ ಅವರ ಕಾಲದ್ದು. ಸದನ ನಡೆಯಲು ಬೇಕಾದ ಕೋರಂ ಹತ್ತನೇ ಒಂದು ಪಾಲು. ಕನಿಷ್ಠ ಅಷ್ಟು ಜನ ಇದ್ದರೆ ಅದನ್ನು ಪಕ್ಷ ಎಂದು ಮಾನ್ಯ ಮಾಡೋಣ ಎಂದರು. ಅದು ಸ್ಪೀಕರ್ ನಿರ್ದೇಶನವಾಯಿತು, ಆಮೇಲೆ ರೂಢಿಯಾಯಿತು. 1980ರಲ್ಲೂ 1984ರಲ್ಲೂ ಅದೇ ರೂಢಿಯ ಮೇಲೆ ಯಾರಿಗೂ ಆ ಸ್ಥಾನ ಸಿಗಲಿಲ್ಲ. ಎರಡೂ ಸಲ ಅಧಿಕಾರದಲ್ಲಿದ್ದದ್ದು ಕಾಂಗ್ರೆಸ್. 2014ರಲ್ಲಿ ಸ್ಪೀಕರ್ ಸುಮಿತ್ರಾ ಮಹಾಜನ್ ಅದೇ ಹಳೆಯ ಉದಾಹರಣೆ ಮುಂದಿಟ್ಟರು.

ಇಷ್ಟು ಗೊತ್ತಾದ ಮೇಲೆ ನಿಮ್ಮ ಅಭಿಪ್ರಾಯ ಬದಲಾಗಲೇಬೇಕು ಎಂದೇನಿಲ್ಲ. ಕಾಯ್ದೆಯಲ್ಲಿ ಇಲ್ಲದ್ದನ್ನು ರೂಢಿ ಮುಚ್ಚಿಹಾಕಬಾರದು ಎಂದು ನೀವು ವಾದಿಸಬಹುದು. ನಾನೂ ಹಾಗೇ ಅಂದುಕೊಂಡವನು. ಆದರೆ ಜಗಳ ಯಾವುದರ ಮೇಲೆ ಎಂಬುದಾದರೂ ಸ್ಪಷ್ಟವಾಗುತ್ತದೆ, ಅಲ್ವಾ? ಸದನದ ಯಾವ ನಿಯಮ ಎಲ್ಲಿಂದ ಬಂತು ಎಂದು ಹುಡುಕಿ ಬರೆಯುವ ಈ ಕೆಲಸವನ್ನೇ ಇಡೀ ಬದುಕು ಮಾಡಿದ ಒಬ್ಬರ ಬಗ್ಗೆ ಇವತ್ತು ಮಾತಾಡುತ್ತೇನೆ. ಅವರು ಲಂಡನ್ನಿನವರು. ಹೆಸರು ಥಾಮಸ್ ಎರ್ಸ್ಕಿನ್ ಮೇ.

1815ರಲ್ಲಿ ಹುಟ್ಟಿದವರು. 1831ರಲ್ಲಿ, ಹದಿನಾರರ ವಯಸ್ಸಿನಲ್ಲಿ, ನಮ್ಮ ಲೋಕಸಭೆಯಂಥ ಬ್ರಿಟನ್ನಿನ ಕಾಮನ್ಸ್ ಸಭೆಯ ಲೈಬ್ರರಿಗೆ ಸಹಾಯಕ ಗ್ರಂಥಪಾಲಕರಾಗಿ ಸೇರಿದರು. ನಮ್ಮಲ್ಲಿ ಪಿಯುಸಿ ಮುಗಿಸುವ ವಯಸ್ಸೂ ಅಲ್ಲ. ಮೂರು ವರ್ಷಕ್ಕೆ, 1834ರ ಅಕ್ಟೋಬರ್ 16ರ ರಾತ್ರಿ, ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು. ಕಾಮನ್ಸ್ ಸಭೆಯ ಹಳೆಯ ಕಾಗದಪತ್ರ ಬಹುಪಾಲು ಸುಟ್ಟು ಹೋದವು. ಸದನದ ನಡಾವಳಿ ಬರೆದಿಡುವ ಜರ್ನಲ್‌ಗಳು ಮಾತ್ರ ಉಳಿದವು. ಸದನ ಹಿಂದೆ ಏನು ತೀರ್ಮಾನಿಸಿತ್ತು ಎಂದು ತಿಳಿಯಲು ಆ ಜರ್ನಲ್‌ಗಳೇ ಗತಿ. ಅವು ರಾಶಿ ರಾಶಿ ಸಂಪುಟ. ಬೇಕಾದದ್ದು ಎಲ್ಲಿದೆ ಎಂದು ಹುಡುಕುವುದೇ ಒಂದು ಉದ್ಯೋಗ. ಮೇ ಅವುಗಳ ಸೂಚಿ ತಯಾರಿಸುವ ಕೆಲಸದಲ್ಲಿ ಕೈಜೋಡಿಸಿದರು. ಸುಮ್ನೆ ನೋಡಿದರೆ ನೀರಸ ಕೆಲಸ. ಆದರೆ ಪುಟ ಪುಟ ಓದಿ ಸೂಚಿ ಮಾಡುವವನ ತಲೆಯಲ್ಲಿ ಏನು ಉಳಿಯುತ್ತದೆ ಯೋಚಿಸಿ. ಯಾವ ಸ್ಪೀಕರ್ ಯಾವಾಗ ಏನು ಅಂದರು, ಯಾರಿಗೆ ಮಾತಾಡಲು ಬಿಟ್ಟರು, ಯಾರನ್ನು ಕೂರಿಸಿದರು, ಎಲ್ಲಾ.

1844ರಲ್ಲಿ ಅದೆಲ್ಲ ಪುಸ್ತಕವಾಗಿ ಹೊರಬಂತು. ಪಾರ್ಲಿಮೆಂಟಿನ ಕಾನೂನು, ಹಕ್ಕುಬಾಧ್ಯತೆ (ಅಂದರೆ ಸದನಕ್ಕೂ ಸದಸ್ಯರಿಗೂ ಇರುವ ವಿಶೇಷ ಹಕ್ಕು), ನಡಾವಳಿ, ರೂಢಿ, ಇವೇ ಅದರ ವಿಷಯ. ಆಗ ಅವರಿಗೆ ಇಪ್ಪತ್ತೊಂಬತ್ತು. ಮೇಲಿನ ಅಧಿಕಾರಿಯೂ ಅಲ್ಲ, ಸದಸ್ಯರಂತೂ ಅಲ್ಲ. ಅವರು ಬದುಕಿದ್ದಾಗಲೇ ಆ ಪುಸ್ತಕದ ಒಂಬತ್ತು ಆವೃತ್ತಿ ಬಂದವು. 2019ರಲ್ಲಿ ಬಂದದ್ದು 25ನೇ ಆವೃತ್ತಿ. ಅದನ್ನು ಬ್ರಿಟಿಷ್ ಪಾರ್ಲಿಮೆಂಟ್ ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದೆ, ನಿಮ್ಮ ಮೊಬೈಲಿನಲ್ಲೇ ಓದಬಹುದು. ಈಗಲೂ ಆ ಪುಸ್ತಕಕ್ಕೆ ಎಲ್ಲರೂ ಹೇಳುವುದು ಲೇಖಕರ ಹೆಸರನ್ನೇ. ಎರ್ಸ್ಕಿನ್ ಮೇ ಏನನ್ನುತ್ತಾರೆ ನೋಡಿ ಅನ್ನುತ್ತಾರೆ, ಮನುಷ್ಯ ಇನ್ನೂ ಪಕ್ಕದ ಕೋಣೆಯಲ್ಲೇ ಕೂತಿರುವ ಹಾಗೆ.

ಮುಂದಿನ ಬಡ್ತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಡುವೆ ವಕೀಲಿ ಸನದು. 1856ರಲ್ಲಿ ಸಹಾಯಕ ಕ್ಲರ್ಕ್. 1871ರಿಂದ 1886ರವರೆಗೆ ಕಾಮನ್ಸ್ ಸಭೆಯ ಕ್ಲರ್ಕ್. ನಮ್ಮ ವಿಧಾನಸಭೆಯ ಕಾರ್ಯದರ್ಶಿಗೆ ಸಮನಾದ ಹುದ್ದೆ ಅದು. ಸ್ಪೀಕರ್ ಕುರ್ಚಿಯ ಮುಂದೆ, ಕೆಳಗೆ, ಮೇಜಿನ ಬಳಿ ಕೂರುವವರು. ಆ ಹದಿನೈದು ವರ್ಷದಲ್ಲಿ ಪ್ರಧಾನಿಗಳಾಗಿ ಗ್ಲಾಡ್‌ಸ್ಟನ್ ಬಂದರು, ಡಿಸ್ರೇಲಿ ಬಂದರು, ಮತ್ತೆ ಗ್ಲಾಡ್‌ಸ್ಟನ್ ಬಂದರು. ಮೇಜಿನ ಹಿಂದೆ ಕೂತವರು ಬದಲಾಗಲಿಲ್ಲ. ಅವರಿಗೆ ಸ್ವಂತ ಒಲವು ಇರಲಿಲ್ಲ ಅಂತಲ್ಲ. 1860ರ ದಶಕದ ಮೊದಲಲ್ಲಿ ಅವರು ಬರೆದ ಇಂಗ್ಲೆಂಡಿನ ಸಂವಿಧಾನದ ಇತಿಹಾಸ ಓದಿದರೆ ಉದಾರವಾದಿಗಳ ಕಡೆ ಮನಸ್ಸು ವಾಲಿದ್ದು ಕಾಣುತ್ತದೆ. ಸದನದ ಕಲಾಪ ಬೇಗ ಸಾಗಲು ಏನೇನು ಬದಲಾಗಬೇಕು ಎಂದು 1849ರಲ್ಲೇ ಒಂದು ಪುಸ್ತಿಕೆ ಅಚ್ಚು ಹಾಕಿಸಿದ್ದರು. ಅಂದರೆ ಬಾಯಿ ಮುಚ್ಚಿಕೊಂಡು ಕೂತ ನೌಕರ ಅಲ್ಲ. ಅಭಿಪ್ರಾಯ ಬೇರೆ ಕಾಗದದಲ್ಲಿ, ನಿಯಮ ಬೇರೆ ಕಾಗದದಲ್ಲಿ. ಅಷ್ಟೇ.

ಇಂಥವರಿಗೂ ಪರೀಕ್ಷೆಯ ದಿನ ಬಂತು.

1880ರ ಚುನಾವಣೆಯಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಚಾರ್ಲ್ಸ್ ಬ್ರಾಡ್ಲಾ ಎಂಬವರು ಗೆದ್ದರು. ಪಕ್ಕಾ ನಾಸ್ತಿಕರು. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಬದಲು ದೃಢೀಕರಣ ಮಾಡುತ್ತೇನೆ, ಅವಕಾಶ ಕೊಡಿ ಎಂದು ಬರೆದುಕೊಂಡು ಆ ವರ್ಷದ ಮೇ 3ರಂದು ಸದನದ ಮೇಜಿನ ಬಳಿ ಬಂದರು. ಆ ಮೇಜಿನಲ್ಲಿ ಕ್ಲರ್ಕ್ ಆಗಿ ಕೂತಿದ್ದವರು ಎರ್ಸ್ಕಿನ್ ಮೇ. ಅಲ್ಲಿಂದ ಶುರುವಾದ ಗದ್ದಲ ಆರು ವರ್ಷ ನಿಲ್ಲಲಿಲ್ಲ. ದೃಢೀಕರಣ ಬೇಡ ಎಂದರು. ಸರಿ, ಪ್ರಮಾಣವನ್ನೇ ಮಾಡುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ, ನಾಸ್ತಿಕನ ಪ್ರಮಾಣಕ್ಕೆ ಬೆಲೆ ಏನು ಎಂದರು. ಜೂನ್ ತಿಂಗಳಲ್ಲಿ ಅವರನ್ನು ಬಿಗ್ ಬೆನ್ ಗಡಿಯಾರದ ಗೋಪುರದಲ್ಲಿ ಒಂದು ರಾತ್ರಿ ಕೂಡಿಹಾಕಿದರು. ಕಾಮನ್ಸ್ ಸಭೆ ಒಬ್ಬರನ್ನು ಹೀಗೆ ಕೂಡಿಹಾಕಿದ್ದು ಅದೇ ಕೊನೆ. ಇದು ನೆನಪಿಡಿ, ಮುಂದೆ ಬೇಕಾಗುತ್ತದೆ. ಸೀಟು ಖಾಲಿ ಎಂದು ಸಾರಿದಾಗಲೆಲ್ಲ ನಾರ್ಥಾಂಪ್ಟನ್ ಜನ ಅವರನ್ನೇ ಆರಿಸಿ ಕಳಿಸಿದರು. ಕೊನೆಗೆ 1886ರ ಜನವರಿಯಲ್ಲಿ ಸ್ಪೀಕರ್ ಪೀಲ್ ಯಾರ ಆಕ್ಷೇಪವನ್ನೂ ಕೇಳದೆ ಪ್ರಮಾಣ ಮಾಡಿಸಿದರು. 1888ರಲ್ಲಿ ಬ್ರಾಡ್ಲಾ ತಾವೇ ಮುಂದಾಗಿ ದೃಢೀಕರಣದ ಕಾಯ್ದೆ ಮಾಡಿಸಿದರು. 1889ರಲ್ಲಿ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ದೇವರ ಹೆಸರಿನಲ್ಲಿ ಇಲ್ಲವೇ ಸತ್ಯನಿಷ್ಠೆಯಿಂದ ಎಂದು ಎರಡು ದಾರಿ ಇವೆ. ಆ ಎರಡನೇ ದಾರಿಯ ಹಿಂದೆ ಇಂಥ ಜಗಳಗಳಿವೆ. ನಮ್ಮ ಶಾಸಕರು ಮೂರನೆಯದು, ನಾಲ್ಕನೆಯದು ಎಲ್ಲಾ ಹುಡುಕಿಕೊಂಡಿದ್ದಾರೆ. ಬಸವಣ್ಣ, ಅಂಬೇಡ್ಕರ್, ಮನೆದೇವರು, ಕ್ಷೇತ್ರದ ಮತದಾರರು. ಕೇಳಲು ಚೆನ್ನಾಗಿರುತ್ತದೆ. ಅನುಸೂಚಿಯಲ್ಲಿ ಮಾತ್ರ ಇಲ್ಲ.

ಎರಡನೇ ಪರೀಕ್ಷೆ 1881ರದ್ದು, ಇದು ಇನ್ನೂ ಕಷ್ಟದ್ದು. ಐರ್ಲೆಂಡಿನ ಜನರನ್ನು ವಿಚಾರಣೆ ಇಲ್ಲದೆ ಬಂಧಿಸಲು ಒಂದು ವಿಧೇಯಕ ತಂದರು. ಪಾರ್ನೆಲ್ ನಾಯಕತ್ವದ ಐರಿಷ್ ಸದಸ್ಯರ ಕೈಯಲ್ಲಿ ಇದ್ದದ್ದು ಮಾತು ಒಂದೇ. ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಜನವರಿ 31ಕ್ಕೆ ಶುರುವಾದ ಕಲಾಪ 41 ಗಂಟೆ ನಡೆಯಿತು. ಮಾತು ನಿಲ್ಲಿಸಿ ಎನ್ನಲು ಯಾವ ನಿಯಮವೂ ಇರಲಿಲ್ಲ. ಫೆಬ್ರವರಿ 2ರ ಬೆಳಗ್ಗೆ ಸ್ಪೀಕರ್ ಬ್ರಾಂಡ್ ತಮ್ಮ ಸ್ವಂತ ಅಧಿಕಾರದಲ್ಲಿ ಚರ್ಚೆ ಮುಗಿಯಿತು ಎಂದು ಮತಕ್ಕೆ ಹಾಕಿದರು. ನಿಯಮದ ಪುಸ್ತಕ ಬರೆದವರು ಅವರ ಮುಂದಿನ ಮೇಜಿನಲ್ಲೇ ಇದ್ದರು. ಚರ್ಚೆ ಮುಕ್ತಾಯದ ನಿಯಮ ಆಮೇಲೆ, 1882ರಲ್ಲಿ ಬಂತು. ಮೊದಲು ಕೆಲಸ, ಆಮೇಲೆ ನಿಯಮ.

ಮೇ ಅವರ ಅಭಿಮಾನಿಗಳು ಈ ಪ್ರಸಂಗವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಸದನದ ಕೆಲಸ ನಡೆಯಬೇಕು ಎಂಬ ಚಿಂತೆ ಒಳಗೆ ಕೂತವರಿಗೆ ಯಾವಾಗಲೂ ಜಾಸ್ತಿ. ಆ ಕೆಲಸ ಯಾರ ಮೇಲೆ ಬೀಳುತ್ತದೆ ಎಂಬ ಚಿಂತೆ ಹೊರಗಿನವರಿಗೆ ಇರುತ್ತದೆ. ಹಾಗಾಗಿ ನಿಯಮ ಬಲ್ಲವರು ಮೇಜಿನ ಒಳಗಡೆ ಮಾತ್ರ ಇದ್ದರೆ ಸಾಲದು, ಪ್ರೇಕ್ಷಕರ ಗ್ಯಾಲರಿಯಲ್ಲೂ ಇರಬೇಕು. ನಾನು ಇವತ್ತು ಇಲ್ಲಿಗೆ ಬಂದದ್ದೇ ಇದನ್ನು ಹೇಳಲು. ನಮ್ಮಲ್ಲೂ ಬಜೆಟ್ ಬೇಡಿಕೆಗಳು ಚರ್ಚೆ ಇಲ್ಲದೆ ಗಂಟೆ ಹೊಡೆದಂತೆ ಪಾಸಾಗುತ್ತವೆ. ಸದನದ ಬಾವಿಗಿಳಿದು ಧರಣಿ ಮಾಡುವವರ ಕೂಗಿನ ನಡುವೆ ವಿಧೇಯಕಗಳಿಗೆ ಧ್ವನಿಮತದ ಒಪ್ಪಿಗೆ ಸಿಗುತ್ತದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಅಷ್ಟೇ. ಮರುದಿನ ಪತ್ರಿಕೆಯಲ್ಲಿ ಗದ್ದಲದ ಫೋಟೊ ಬರುತ್ತದೆ, ವಿಧೇಯಕದಲ್ಲಿ ಏನಿತ್ತು ಎಂಬುದು ಬರುವುದಿಲ್ಲ.

ಎರ್ಸ್ಕಿನ್ ಮೇ ಅವರು 1886ರಲ್ಲಿ ನಿವೃತ್ತರಾದರು. ಲಾರ್ಡ್ ಪದವಿ ಕೊಟ್ಟರು. ಕೊಟ್ಟ ಒಂದು ವಾರಕ್ಕೇ ತೀರಿಕೊಂಡರು.

ಈಗ ನಮ್ಮ ಸಂವಿಧಾನಕ್ಕೆ ಬರೋಣ. 105ನೇ ವಿಧಿ ಸಂಸತ್ತಿನ ಹಕ್ಕುಬಾಧ್ಯತೆಗಳ ಬಗ್ಗೆ, 194ನೇ ವಿಧಿ ರಾಜ್ಯಗಳ ಶಾಸನಸಭೆಗಳ ಬಗ್ಗೆ. 1950ರಲ್ಲಿ ಅಲ್ಲಿ ಬರೆದದ್ದು ಏನೆಂದರೆ, ಕಾನೂನು ಮಾಡಿ ಗೊತ್ತುಪಡಿಸುವವರೆಗೆ ಬ್ರಿಟನ್ನಿನ ಕಾಮನ್ಸ್ ಸಭೆಗೆ ಇರುವ ಹಕ್ಕುಗಳೇ ನಮಗೂ. ಕಾಮನ್ಸ್ ಸಭೆಗೆ ಏನೇನು ಹಕ್ಕಿದೆ ಎಂದು ತಿಳಿಯಲು ಎಲ್ಲಿಗೆ ಹೋಗಬೇಕು? ಎರ್ಸ್ಕಿನ್ ಮೇ ಪುಸ್ತಕಕ್ಕೆ. 1978ರ 44ನೇ ತಿದ್ದುಪಡಿಯಲ್ಲಿ ಕಾಮನ್ಸ್ ಸಭೆಯ ಹೆಸರು ತೆಗೆದರು. ಅದರ ಬದಲು, ಈ ತಿದ್ದುಪಡಿಗೆ ಮುಂಚೆ ಯಾವ ಹಕ್ಕು ಇದ್ದವೋ ಅವೇ ಎಂದು ಬರೆದರು. ಮುಂಚೆ ಇದ್ದದ್ದು ಯಾವುವು? ಕಾಮನ್ಸ್ ಸಭೆಯವೇ. ಹೆಸರು ಹೋಯಿತು, ಸರಕು ಉಳಿಯಿತು. ಈ ಹಕ್ಕುಗಳನ್ನೆಲ್ಲ ಒಂದು ಕಾಯ್ದೆಯಾಗಿ ಬರೆಯುವ ಕೆಲಸ ಇವತ್ತಿಗೂ ಆಗಿಲ್ಲ.

ಅದರ ಪರಿಣಾಮ ಎರಡು ಸಲ ಜೋರಾಗಿ ಕಂಡಿತು. 1964ರಲ್ಲಿ ಉತ್ತರ ಪ್ರದೇಶದ ವಿಧಾನಸಭೆ ಕೇಶವ ಸಿಂಗ್ ಎಂಬವರನ್ನು ಜೈಲಿಗೆ ಕಳಿಸಿತು. ಹೈಕೋರ್ಟ್ ಜಾಮೀನು ಕೊಟ್ಟಿತು. ಜಾಮೀನು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳನ್ನೇ ಹಿಡಿದು ತನ್ನಿ ಎಂದು ಸದನ ಆದೇಶ ಮಾಡಿತು! ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಸಲಹೆ ಕೇಳಬೇಕಾಯಿತು. ಎರಡನೆಯದು ನಮ್ಮದೇ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಪತ್ರಿಕಾ ಸಂಪಾದಕರಿಗೆ ಅವರ ಬರಹಗಳ ಹಕ್ಕುಚ್ಯುತಿಗಾಗಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರೆಂದು, ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ಆ ಬರಹಗಳು ಚೆನ್ನಾಗಿದ್ದವೋ ಕೆಟ್ಟದಾಗಿದ್ದವೋ ಎಂಬ ಮಾತು ಬೇರೆ. ಯಾವ ಸಭೆಯಿಂದ ಈ ಹಕ್ಕು ಸಾಲ ತಂದೆವೋ ಆ ಕಾಮನ್ಸ್ ಸಭೆ ದಂಡ ಹಾಕಿದ್ದು ಕೊನೆಯ ಸಲ 1666ರಲ್ಲಿ. ಕೂಡಿಹಾಕಿದ್ದು ಕೊನೆಯ ಸಲ ಬ್ರಾಡ್ಲಾ ಅವರನ್ನು, 1880ರಲ್ಲಿ. ಸಾಲ ಕೊಟ್ಟವರು ಬಳಸುವುದನ್ನು ಬಿಟ್ಟ ಮೇಲೂ ನಾವು ಬಳಸುತ್ತಿದ್ದೇವೆ. ಬೆಂಗಳೂರಿನಲ್ಲಿ ಆ ದಿನ ಇಷ್ಟನ್ನು ಎದ್ದು ಹೇಳುವವರು ಬೇಕಾಗಿತ್ತು.

ನಮ್ಮ ದೇಶದಲ್ಲಿ ಮೇ ಅವರಂಥವರು ಇರಲೇ ಇಲ್ಲ ಅಂತೇನಲ್ಲ. ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿದ್ದ ವಿಠ್ಠಲಭಾಯಿ ಪಟೇಲರು ಬ್ರಿಟಿಷ್ ಸರ್ಕಾರದ ಜೊತೆ ಹಟ ಹಿಡಿದು, ಸದನದ ಕಚೇರಿ ಸರ್ಕಾರದ ಕೈಕೆಳಗೆ ಇರಬಾರದು ಎಂದು 1929ರಲ್ಲಿ ಪ್ರತ್ಯೇಕ ಕಚೇರಿ ಮಾಡಿಸಿದರು. ಆ ಕಚೇರಿಯ ಪರಂಪರೆಯಲ್ಲಿ ಬಂದ ಎಂ.ಎನ್. ಕೌಲ್ ಮತ್ತು ಎಸ್.ಎಲ್. ಶಕ್ಧರ್, ಲೋಕಸಭೆಯ ಮೊದಲ ಇಬ್ಬರು ಕಾರ್ಯದರ್ಶಿಗಳು, 1968ರಲ್ಲಿ ನಮ್ಮ ಸಂಸತ್ತಿನದೇ ಒಂದು ಬೃಹತ್ ಪುಸ್ತಕ ಬರೆದರು. ಈಗ ಯಾವುದೇ ತಕರಾರಿಗೂ ಮೊದಲು ತೆಗೆಯುವುದು ಅದನ್ನೇ. ಶಕ್ಧರ್ ಮುಂದೆ ಮುಖ್ಯ ಚುನಾವಣಾ ಆಯುಕ್ತರೂ ಆದರು.

ನಮ್ಮ ಭಾಗಕ್ಕೆ ಈ ವಿದ್ಯೆ ಸ್ವಲ್ಪ ತಡವಾಗಿ ಬಂತು. ಕಾರಣ ಇತಿಹಾಸದಲ್ಲೇ ಇದೆ. ಐರಿಷ್ ಸದಸ್ಯರ ಬಾಯಿ ಮುಚ್ಚಿಸಿದ ಅದೇ 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಕಲಬುರಗಿ, ಬೀದರ್ ಆಗ ನಿಜಾಮರ ರಾಜ್ಯ. ಎಲ್ಲ ವಯಸ್ಕರೂ ಓಟು ಹಾಕಿ ಆರಿಸಿದ ಸದನವನ್ನು ನಮ್ಮ ಹಿರಿಯರು ಕಂಡದ್ದು 1952ರಲ್ಲಿ, ಅದೂ ಹೈದರಾಬಾದಿನಲ್ಲಿ. 1956ರ ನವೆಂಬರ್ 1ಕ್ಕೆ ಬೆಂಗಳೂರಿನ ಕಡೆ ಮುಖ ಮಾಡಿದೆವು. ಆಮೇಲೆ ಹಿಂದೆ ಬೀಳಲಿಲ್ಲ ಅನ್ನಿ. ಚಿಂಚೋಳಿಯ ವೀರೇಂದ್ರ ಪಾಟೀಲರು, ಜೇವರ್ಗಿಯ ಧರಂ ಸಿಂಗ್ ಮುಖ್ಯಮಂತ್ರಿಗಳಾದರು. ನಾಯಕರಿಗೆ ನಮ್ಮಲ್ಲಿ ಬರ ಇಲ್ಲ. ಅವರು ಸದನದಲ್ಲಿ ಏನು ಮಾಡಿದರು ಎಂದು ಓದಿ ಬರೆಯುವವರಿಗೆ ಬರ.

ಖರ್ಗೆ ಅವರ ವಿಷಯವನ್ನೇ ಮತ್ತೆ ತೆಗೆದುಕೊಳ್ಳಿ. ಆ ಸ್ಥಾನ ಸಿಗದೇ ಇದ್ದದ್ದರಿಂದ ಆದದ್ದೇನು? ಸಿಬಿಐ ನಿರ್ದೇಶಕರನ್ನು ಆರಿಸುವ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕ ಇರಬೇಕು. 2014ರಲ್ಲೇ ಆ ಕಾಯ್ದೆ ತಿದ್ದಿ, ನಾಯಕ ಇಲ್ಲದಿದ್ದರೆ ದೊಡ್ಡ ವಿರೋಧ ಪಕ್ಷದ ಮುಖಂಡ ಸಾಕು ಎಂದರು. ಹಾಗಾಗಿ ಖರ್ಗೆ ಆ ಸಮಿತಿಯಲ್ಲಿ ಕೂತರು, 2019ರ ಜನವರಿಯಲ್ಲಿ ಭಿನ್ನ ಅಭಿಪ್ರಾಯವನ್ನೂ ಬರೆದರು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಈ ಏರ್ಪಾಡು ಮೊದಲಿನಿಂದಲೇ ಇತ್ತು. ಆದರೆ 2013ರ ಲೋಕಪಾಲ ಕಾಯ್ದೆಯಲ್ಲಿ ಇರಲಿಲ್ಲ, ಅದನ್ನು ತಿದ್ದಲೂ ಇಲ್ಲ. ಅಲ್ಲಿ ಅವರಿಗೆ ಬಂದದ್ದು ವಿಶೇಷ ಆಹ್ವಾನಿತರ ಕರೆ. ಅವರು ಹೋಗಲಿಲ್ಲ. 2019ರ ಮಾರ್ಚ್‌ನಲ್ಲಿ ಮೊದಲ ಲೋಕಪಾಲರ ನೇಮಕ ಅವರಿಲ್ಲದೆಯೇ ಆಯಿತು. ಒಂದೇ ಮನುಷ್ಯ, ಒಂದೇ ಸದನ, ಎರಡು ಕಾಯ್ದೆ, ಎರಡು ಫಲ. ಒಂದು ವಾಕ್ಯ ಅಲ್ಲಿತ್ತು, ಇಲ್ಲಿರಲಿಲ್ಲ. ಇದನ್ನು ಕಲಬುರಗಿಯಲ್ಲಿ ಕೂತವರು ಹುಡುಕಿ ಬರೆಯಬಾರದೇ? ಅದಕ್ಕೆ ದೆಹಲಿಯಲ್ಲಿ ಮನೆ ಬೇಕಾಗಿಲ್ಲ.

ಇನ್ನು ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದು ನಿಮ್ಮ ಮನೆಯ ಹಿರಿಯರಿಗೆ ಗೊತ್ತು. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಇವತ್ತು ಮೆಡಿಕಲ್ ಸೀಟು, ನೌಕರಿ ಅಂದ ಕೂಡಲೇ ಪ್ರತಿ ಮನೆಯಲ್ಲೂ ಈ ಭಾಗದವರು ಎಂಬ ಸರ್ಟಿಫಿಕೇಟು ಹುಡುಕುತ್ತಾರೆ. ಸರ್ಟಿಫಿಕೇಟಿನ ಬಗ್ಗೆ ಎಲ್ಲರಿಗೂ ಗೊತ್ತು. ಅದೇ ವಿಧಿಯ ಮೊದಲ ಭಾಗದಲ್ಲಿ ಇನ್ನೊಂದು ಮಾತಿದೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು, ಅದರ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು. ಸಂವಿಧಾನವೇ ಹೇಳಿದ ವರದಿ ಅದು. ಈ ಸಭಾಂಗಣದಲ್ಲಿ ಎಷ್ಟು ಜನ ಅದನ್ನು ಓದಿದ್ದೀರಿ ಎಂದು ಕೇಳಿದೆ. ಒಂದೂ ಕೈ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಮೇಷ್ಟ್ರುಗಳದ್ದೂ.

ಕೊನೆಗೆ ಪ್ರಶ್ನೆಗಳು. ಒಬ್ಬ ಹುಡುಗ ಎದ್ದು, "ಸರ್, ಇದನ್ನ ಓದಿದ್ರ ನೌಕರಿ ಸಿಗ್ತದೇನ್ರಿ?" ಎಂದ. ಎಲ್ಲರೂ ನಕ್ಕರು. ನಗುವ ಪ್ರಶ್ನೆ ಅಲ್ಲ ಅದು. ಪಿಆರ್‌ಎಸ್ ಎಂಬ ಸಂಸ್ಥೆ 2005ರಿಂದ ವಿಧೇಯಕಗಳನ್ನು ಓದಿ ಸಾರ ಬರೆಯುತ್ತಿದೆ. ಸಂಸದರ ಜೊತೆ ಯುವಕರನ್ನು ಕೆಲಸಕ್ಕೆ ಹಾಕುವ ಫೆಲೋಶಿಪ್ಪನ್ನೂ ನಡೆಸುತ್ತದೆ. ಪತ್ರಿಕೆ, ಟಿವಿಗಳಿಗೂ ಇಂಥವರು ಬೇಕು. ಆದರೆ ಶುರು ಮಾಡಲು ಯಾರ ನೇಮಕಾತಿ ಆದೇಶವೂ ಬೇಡ. ಕರ್ನಾಟಕ ವಿಧಾನಸಭೆಯ ನಡಾವಳಿ ಕನ್ನಡದಲ್ಲೇ ಇರುತ್ತದೆ. ಒಂದು ಅಧಿವೇಶನ ತೆಗೆದುಕೊಳ್ಳಿ. ಕಲಬುರಗಿ, ಬೀದರ್, ಯಾದಗಿರಿ ಶಾಸಕರ ಚುಕ್ಕೆ ಗುರುತಿನ (ಸದನದಲ್ಲೇ ಬಾಯಿಮಾತಿನ ಉತ್ತರ ಬೇಕಾದ) ಪ್ರಶ್ನೆ ಯಾವುವು, ಚುಕ್ಕೆ ರಹಿತ (ಬರಹದಲ್ಲಿ ಉತ್ತರ ಸಾಕಾದ) ಯಾವುವು, ಮಂತ್ರಿ ಏನು ಉತ್ತರ ಕೊಟ್ಟರು, ಅದೇ ಉತ್ತರ ಹಿಂದಿನ ಅಧಿವೇಶನದಲ್ಲೂ ಬಂದಿತ್ತೇ ಎಂದು ಒಂದು ವಹಿಯಲ್ಲಿ ಬರೆಯುತ್ತಾ ಹೋಗಿ. ಮೇ ಶುರು ಮಾಡಿದ್ದೂ ಇಂಥ ಕೆಲಸದಿಂದಲೇ.

ಇನ್ನೊಬ್ಬ ಹುಡುಗಿಯ ಪ್ರಶ್ನೆ ಇನ್ನೂ ಚುರುಕು. ಹಾಗೆ ಬರೆದರೆ ನಮಗೂ ಹಕ್ಕುಚ್ಯುತಿ ನೋಟಿಸ್ ಬಂದರೆ ಏನು ಮಾಡಬೇಕು ಎಂದಳು. ಇದಕ್ಕೆ ಉತ್ತರ ಎರಡು ಭಾಗ. ಸದನದ ಕಲಾಪವನ್ನು ಬಹುಮಟ್ಟಿಗೆ ಇದ್ದ ಹಾಗೇ ವರದಿ ಮಾಡಿದರೆ, ದ್ವೇಷದಿಂದ ಮಾಡದೆ ಇದ್ದರೆ, ಕೋರ್ಟಿನಲ್ಲಿ ಕೇಸು ಹಾಕಲು ಆಗದು ಎಂದು 361(ಎ) ವಿಧಿ ಹೇಳುತ್ತದೆ. ಅದು ಬಂದದ್ದೂ ಅದೇ 44ನೇ ತಿದ್ದುಪಡಿಯಲ್ಲಿ. ಆದರೆ ಅದು ಕೋರ್ಟಿನ ಕೇಸಿನಿಂದ ಕೊಡುವ ರಕ್ಷಣೆ. ಸದನದ ಹಕ್ಕುಚ್ಯುತಿ ಅಧಿಕಾರ ಬೇರೆ, ಅದು ಹಾಗೇ ಇದೆ. ಅದಕ್ಕೇ ನಡಾವಳಿಯ ತಾರೀಕು, ಪುಟ ಹಾಕಿ ಇದ್ದದ್ದನ್ನು ಇದ್ದ ಹಾಗೆ ಎತ್ತಿ ಬರೆ. ಕಡತದಿಂದ ತೆಗೆಯಿರಿ ಎಂದು ಸ್ಪೀಕರ್ ಹೇಳಿದ ಮಾತನ್ನು ಮುಟ್ಟಬೇಡ. ನಿನ್ನ ಅಭಿಪ್ರಾಯವನ್ನು ಅದರ ಕೆಳಗೆ ಬೇರೆ ಪ್ಯಾರಾದಲ್ಲಿ, ನಿನ್ನ ಹೆಸರಿನಲ್ಲಿ ಬರೆ. ಮೊದಲು ಯಾವುದನ್ನು ಓದಲಿ ಎಂದು ಕೇಳಿದಳು. ಮಂಡಳಿಯ ವಾರ್ಷಿಕ ವರದಿಯಿಂದ ಶುರು ಮಾಡು ಎಂದೆ.